ಗುರುಲಿಂಗಪ್ಪ ಅಂಕಲ್ ಮತ್ತು ಗೋವಿನಜೋಳದ ವಿಸ್ಕಿ

ಗುರುಲಿಂಗಪ್ಪ ಅಂಕಲ್ ತಾವು ಕಾಸಿದ ವಿಸ್ಕಿಯನ್ನು ಮೊದಲು ಅಂಗೈಗೆ ಕುಡಿಸುತ್ತಿದ್ದರು. ಬಟ್ಟಿಯ ಕೊಳವೆಯ ತುದಿಯಿಂದ ಎರಡು ಹನಿ ಹಿಡಿದು, ಎರಡೂ ಅಂಗೈ ಉಜ್ಜಿ, ಬೊಗಸೆ ಮಾಡಿ ಮುಖಕ್ಕೆ ಒಯ್ದು ಕಣ್ಣು ಮುಚ್ಚಿ ಮೂಸುತ್ತಿದ್ದರು. ದೂರದಿಂದ ನೋಡಿದವರಿಗೆ ಕಣ್ಣಿಗೆ ಆರತಿ ಒತ್ತಿಕೊಂಡಂತೆ ಕಾಣುತ್ತಿತ್ತು. ಬಾಯಿಗೆ ಹೋಗುವುದು ತಿಂಗಳಿಗೆ ಒಂದೆರಡು ಚಮಚ, ಅಷ್ಟೇ.

ಈ ಪರದೇಶದ ಮನುಕಾವ್‌ನಲ್ಲಿ ಅವರ ಮನೆಯ ಹಿಂದಿನ ಸಣ್ಣ ಮನೆಯಲ್ಲಿ ನಾನು, ನನ್ನ ಗಂಡ ಬಾಡಿಗೆಗಿದ್ದೇವೆ. ನಾನು ಒಂದು ವೃದ್ಧಾಶ್ರಮದಲ್ಲಿ ಹಿರಿಯರ ಆರೈಕೆಯ ಕೆಲಸ ಮಾಡುತ್ತೇನೆ. ಅಂಕಲ್ ರಾಣೆಬೆನ್ನೂರಿನ ಕಡೆಯವರು. ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಹಾಲಿನ ಸ್ಟೀಲ್ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡುತ್ತಲೇ ವಯಸ್ಸು ಕಳೆದವರು. ನಿವೃತ್ತಿಯಾದ ಮೇಲೆ ಹಳೆಯ ಬಿಯರ್ ಪೀಪಾಯಿಗೆ ತಾಮ್ರದ ಕೊಳವೆ ಕೂಡಿಸಿ, ಗ್ಯಾರೇಜಿನಲ್ಲಿ ಒಂದು ಬಟ್ಟಿ ಹಂಡೆ ಕಟ್ಟಿದರು. ಅವರ ಹೆಂಡತಿ ಕಸ್ತೂರಿ ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು: "ಕಾರು ಹೊರಗ ಮಳ್ಯಾಗ ತೊಯ್ಯಾಕತ್ತೈತಿ, ಇವರ ಹಂಡೆ ಒಳಗ ಬೆಚ್ಚಗೈತಿ. ನನ್ನ ಇಷ್ಟು ಜ್ವಾಕಿ ಮಾಡಿದ್ರ ನಾನೂ ಹಂಗ ಹೊಳೀತಿದ್ದೆ."

ನಮ್ಮ ಗದಗಿನ ಕಡೆ ಬಟ್ಟಿ ಎಂದರೆ ಪೊಲೀಸರು, ಕಣ್ಣು ಕಳೆದುಕೊಂಡವರ ಸುದ್ದಿ, ಅಷ್ಟೇ ನನಗೆ ಗೊತ್ತಿದ್ದದ್ದು. ಮೊದಲ ಸಲ ಕಂಡಾಗ ಹೆದರಿ ಕೇಳಿದೆ.

"ತಂಗಿ, ಈ ದೇಶದಾಗ ಮನಿಮಟ್ಟಿಗೆ ಕಾಸಿದ್ರ ತಪ್ಪಿಲ್ಲ. ಮಾರಿದ್ರ ತಪ್ಪು. ನಾ ಒಂದು ಹನಿ ಮಾರಂಗಿಲ್ಲ," ಎಂದರು. ಕಾರ್ಖಾನೆಯ ಮೂವರು ಹಳೆಯ ಗೆಳೆಯರು ತಿಂಗಳಿಗೊಂದು ಭಾನುವಾರ ಬಂದು ಕೂಡುತ್ತಿದ್ದರು. ಅವರಿಗಾಗಿ ಇಷ್ಟೆಲ್ಲ. "ಆ ಮೂರು ಮಂದಿ ಕಣ್ಣು ಉಳಿಯೂದು ನನ್ನ ಮೂಗಿನ ಮ್ಯಾಲೆ ಐತಿ. ನಾ ಮೂಸಿ ಇಟ್ಟದ್ದನ್ನ ಅವರು ಏನೂ ಕೇಳದ ಕುಡೀತಾರ."

ಕುಡಿಯದ ನನಗೆ ಇದನ್ನು ಕಲಿಯುವ ಆಸೆ ಯಾಕೆ ಬಂತೋ. ಹಿಟ್ಟು ಹೇಗೆ ವಿಸ್ಕಿಯಾಗುತ್ತದೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಕೇಳಿದ್ದಕ್ಕೆ ಅವರು ಉತ್ತರ ಹೇಳಲಿಲ್ಲ, ಉದ್ದನೆಯ ಮರದ ಹುಟ್ಟು ಕೈಗೆ ಕೊಟ್ಟರು. ಕುದಿಯುವ ನೀರಿಗೆ ಗೋವಿನಜೋಳದ ಹಿಟ್ಟು ಸುರಿದು ಗಂಟಾಗದಂತೆ ತಿರುವಬೇಕು. "ಕಡ್ಲಿಹಿಟ್ಟಿನ ಜುಣಕ ತಿರುವಿದ ಕೈ ಐತಿ ನಿನ್ದು. ಇದನ್ನ ನಿನಗ ಕಲಿಸೂದು ಬ್ಯಾಡ," ಎಂದರು. ತಿರುವುವುದೇನೋ ಸರಿಯಾಯಿತು. ಆಮೇಲೆ ಹಾಕಬೇಕಾದ ಮೊಳಕೆ ಬಾರ್ಲಿಯನ್ನು ಆರುವುದಕ್ಕೆ ಮುಂಚೆ, ಹಬೆಯಾಡುವ ಗಂಜಿಗೇ ಸುರಿದೆ. ಅವರು ನೋಡುತ್ತಲೇ ಇದ್ದರು, ತಡೆಯಲಿಲ್ಲ. ಎರಡು ತಾಸಿನ ಮೇಲೆ ಚಮಚದಲ್ಲಿ ತೆಗೆದುಕೊಟ್ಟು, "ಸಿಹಿ ಐತೇನ?" ಎಂದರು. ಇರಲಿಲ್ಲ. ಬರೀ ಗಂಜಿ.

"ಕುದಿಯೋ ಹಾಲಿಗೆ ಹೆಪ್ಪು ಹಾಕ್ತಿಯೇನ? ಹಂಗ ಇದು. ಬಾರ್ಲಿ ಜೀವ ಇದ್ರ ಹಿಟ್ಟು ಸಕ್ಕರಿ ಆಗ್ತೈತಿ, ಸಕ್ಕರಿ ಇದ್ರ ಈಸ್ಟಿಗೆ ಊಟ. ನೀ ಜೀವಾನ ಬೇಯಿಸಿದಿ."

ಮುಂದಿನ ಸಲ ಥರ್ಮಾಮೀಟರ್ ಹಿಡಿದು ಕಾದೆ. ಗಂಜಿ ತೆಳ್ಳಗಾಗಿ ಸಿಹಿಯಾಯಿತು. ನನ್ನ ಕೆಲಸದಲ್ಲಿ ಯಾವುದೂ ಅಷ್ಟು ಬೇಗ ಗುಣವಾಗಿದ್ದನ್ನು ನಾನು ಕಂಡಿರಲಿಲ್ಲ.

ಈಸ್ಟ್ ಹಾಕಿ ಒಂದು ವಾರ ಹುದುಗು ಬಂದ ಮೇಲೆ ಕಾಸುವ ದಿನ ಬಂತು. ನನ್ನ ಮೊದಲ ಹಂಡೆ. ಮನೆಗೆ ಹೊಸ ಮಿಕ್ಸರ್ ತಂದರೂ ಕುಂಕುಮ ಹಚ್ಚುವವಳು ನಾನು. ಅಂಕಲ್ ಬರುವುದರೊಳಗೆ ಹಂಡೆಗೆ ವಿಭೂತಿ ಎಳೆದು, ಕೊಳವೆಗೆ ಹೂವಿಟ್ಟು, ಬುಡದಲ್ಲಿ ಊದಿನಕಡ್ಡಿ ಹಚ್ಚಿ ಕೈಮುಗಿದು ನಿಂತೆ. ಹಿಂದಿನಿಂದ ಅವರ ಕೂಗು ಕೇಳಿಸಿತು. ಅಂಥ ದನಿಯನ್ನು ಅವರ ಗಂಟಲಲ್ಲಿ ಅದಕ್ಕೂ ಮುಂಚೆ ಕೇಳಿರಲಿಲ್ಲ.

"ಆರಸು! ಹೊರಗ ಒಯ್ಯಿ! ಓಡು!"

ಹೊರಗೆ ಓಡಿ, ಕಡ್ಡಿಯನ್ನು ಹುಲ್ಲಿಗೆ ಒತ್ತಿ ಆರಿಸಿದೆ. ಅವರು ಬಾಗಿಲನ್ನು ಪೂರ್ತಿ ಎತ್ತಿ ಬಂದು, ಮೆತ್ತಗೆ ಹೇಳಿದರು: "ಇದರ ಉಗಿ ಕಣ್ಣಿಗೆ ಕಾಣಂಗಿಲ್ಲ ತಂಗಿ. ಸಂದಿಯಿಂದ ಒಂಚೂರು ಸೋರಿ ನಿನ್ನ ಕಡ್ಡಿ ಮುಟ್ಟಿದ್ರ ಮುಗೀತು. ಅದಕ್ಕ ನಾ ಗ್ಯಾಸ್ ಇಟ್ಟಿಲ್ಲ, ಕರೆಂಟ್ ಇಟ್ಟೇನಿ. ನಮ್ಮ ದೇವರು ಬೆಂಕಿ ಕಂಡ್ರ ಸುಮ್ಮನ ಕುಂದರ್ತಾನ. ಈ ದೇವರು ಮೈಮ್ಯಾಲೆ ಬರ್ತಾನ."

ಅಡುಗೆಮನೆಯ ಕಿಟಕಿಯಿಂದ ಆಂಟಿ ಕೇಳಿದರು: "ಹೂವಾದ್ರೂ ಇರಲ್ರೀ?"

"ಹೂವು ಇರಲಿ," ಎಂದರು ಅಂಕಲ್.

ಹಂಡೆ ಕಾದಿರುವಾಗ ಅವರು ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಮೊದಲು ಬರುವ ಒಂದು ಲೋಟ ವಿಷವೆಂದೇ ಲೆಕ್ಕ. ಅದು ಪೇಂಟಿನ ಬ್ರಷ್ ತೊಳೆಯುವುದಕ್ಕೆ. ಆಮೇಲಿನದನ್ನು ಸಣ್ಣ ಸಣ್ಣ ಗಾಜಿನ ಜಾಡಿಗಳಲ್ಲಿ ಹಿಡಿದು ನಂಬರ್ ಬರೆದಿಡುವುದು. ಮೊದಲ ಜಾಡಿಗಳಿಗೆ ಉಗುರುಬಣ್ಣ ಅಳಿಸುವ ಔಷಧಿಯ ವಾಸನೆ. ನಡುವಿನವಕ್ಕೆ ಸುಟ್ಟ ತೆನೆಯದು. ಕೊನೆಯವಕ್ಕೆ ತೊಯ್ದ ರಟ್ಟಿನದು. ನಡುವಿನವನ್ನು ಮಾತ್ರ ಇಟ್ಟುಕೊಳ್ಳಬೇಕು. ಎಲ್ಲಿಂದ ಎಲ್ಲಿಗೆ ನಡು ಎಂಬುದನ್ನು ಯಾವ ಮೀಟರೂ ಹೇಳುವುದಿಲ್ಲ, ಮೂಗೇ ಹೇಳಬೇಕು.

ಎರಡು ವರ್ಷದ ಹಿಂದೆ, ವಸಂತದ ಒಂದು ಶನಿವಾರ ಮಧ್ಯಾಹ್ನ, ಅವರು ಒಂದನೇ ಜಾಡಿಯ ಹನಿಯನ್ನು ಉಜ್ಜಿ ಮೂಸಿ "ಪಾಸ್" ಎಂದು ಒಳ್ಳೆಯ ಸಾಲಿನಲ್ಲಿ ಇಟ್ಟರು. ನಾನು ಗ್ಯಾರೇಜಿನ ಆ ತುದಿಯಲ್ಲಿದ್ದೆ. ಅಲ್ಲಿಗೇ ಉಗುರುಬಣ್ಣದ ಔಷಧಿ ಮೂಗಿಗೆ ಹೊಡೆಯುತ್ತಿತ್ತು.

"ಅಂಕಲ್, ಅದು ಇನ್ನೂ ಕೆಟ್ಟದ್ದರಾಗ ಐತಿ."

"ನಾಕು ಹಂಡಿ ಕಾಸ್ಯಾಕಿ ನನಗ ಹೇಳಾಕ ಬಂದಿ?"

ಅವರ ಮೂಗಿನ ಮೇಲೆ ನನಗೆ ಮೊದಲೇ ಅನುಮಾನವಿತ್ತು. ಒಗ್ಗರಣೆ ಸೀದರೂ ಇವರಿಗೆ ಗೊತ್ತಾಗುವುದಿಲ್ಲ ಎಂದು ಆಂಟಿ ಗೊಣಗುತ್ತಿದ್ದರು. ನಡೆಯುವಾಗ ಅವರ ಬಲಗೈ ಬೀಸುತ್ತಿರಲಿಲ್ಲ. ಕೈ ನಡುಗುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಮೂಗು ಹೋದ ಹಿರಿಯರನ್ನು ನಾನು ಕೆಲಸದಲ್ಲಿ ಕಂಡಿದ್ದೆ. ಮರುದಿನ ಆ ಮೂವರು ಬರುವವರಿದ್ದರು. ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿಯನ್ನು ಹಳೆಯ ಅರಿವೆ ಬಟ್ಟೆಯಲ್ಲಿ ಸುತ್ತಿ ತಂದೆ. ಕಣ್ಣು ಮುಚ್ಚಿಕೊಳ್ಳಿ ಎಂದು, ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿದೆ.

ಅವರು ಬಹಳ ಹೊತ್ತು ಮೂಸಿದರು. "ಏನಿದು, ಬರೀ ಅರಿವಿ?" ಎಂದು ಕಣ್ಣು ತೆರೆದರು. ಡಬ್ಬಿಯೊಳಗಿನ ಇಂಗು ಕಂಡಿತು.

"ಇಂಗೂ ಹೋತೇನವ್ವಾ," ಎಂದರು. ಎದ್ದು ತಾವೇ ಸ್ವಿಚ್ ಆರಿಸಿದರು. ಒಳ್ಳೆಯ ಸಾಲಿನ ಜಾಡಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು, ಒಳಗೆ ಹೋದರು. ಮರುದಿನ ಗೆಳೆಯರಿಗೆ ಚಹಾ ಮತ್ತು ಮಂಡಕ್ಕಿ.

ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದರು. ಅಂಕಲ್ ಹಂಡೆಯನ್ನು ಕೆಡವುತ್ತಾರೆಂದು ನಾನೂ ಆಂಟಿಯೂ ತಿಳಿದಿದ್ದೆವು. ಒಂದು ತಿಂಗಳು ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದು, "ಕೈ ನಿನ್ದು, ಮೂಗು ನಿನ್ದು, ಬೈಯೂದು ನನ್ದು. ಬರ್ತಿಯೇನ?" ಎಂದರು.

ಆ ಒಂದೂವರೆ ವರ್ಷ ಅವರು ಸ್ಟೂಲಿನ ಬದಲು ತೋಳಿನ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಚಲೋ ವಾಸನೆ ಎಂದರೆ ಸಿಟ್ಟಿಗೇಳುತ್ತಿದ್ದರು. "ಚಲೋ ಅನ್ನೂದು ವಾಸನಿ ಅಲ್ಲ. ಯಾವುದರ ವಾಸನಿ?" ಹಸಿ ಸಿಪ್ಪೆ, ಸೇಬು, ಹಳೇ ಕಪಾಟು, ಮಳೆಗೆ ಸಿಕ್ಕ ನಾಯಿ: ನನ್ನ ಬಾಯಿಂದ ಅವರು ಒಂದೊಂದನ್ನೇ ತೆಗೆಸಿದರು. ಜಗತ್ತಿನಲ್ಲಿ ಇಷ್ಟು ವಾಸನೆಗಳಿವೆ ಎಂಬುದು, ಅವು ಯಾವುವೂ ಇಲ್ಲದ ಮನುಷ್ಯನಿಂದ ನನಗೆ ಗೊತ್ತಾಯಿತು.

ಕಳೆದ ಚಳಿಗಾಲದಲ್ಲಿ ಅವರಿಗೆ ಕುರ್ಚಿಗೂ ಬರಲಾಗಲಿಲ್ಲ. ಹಂಡೆಯನ್ನು ನಾನೊಬ್ಬಳೇ ಕಾಸಿದೆ. ಐದನೇ ಜಾಡಿ ಗೊಂದಲಕ್ಕೆ ಹಚ್ಚಿತು. ಒಮ್ಮೆ ತೆನೆ, ಒಮ್ಮೆ ರಟ್ಟು. ಸ್ಟೀಲ್ ಬಟ್ಟಲಲ್ಲಿ ಸ್ವಲ್ಪ ಹಾಕಿಕೊಂಡು ಅವರ ಮಂಚದ ಹತ್ತಿರ ಹೋದೆ. ಅವರ ದನಿ ಬಹಳ ಸಣ್ಣಗಾಗಿತ್ತು.

"ನನಗ್ಯಾಕ ತಂದಿ?"

"ನನಗ ತಿಳೀವಲ್ದು ಅಂಕಲ್. ಹೆಂಗೈತಿ ಅಂತ ಹೇಳ್ತೇನಿ, ಇಡೂದೋ ಬ್ಯಾಡೋ ನೀವ ಹೇಳ್ರಿ."

ಅವರು ಬಟ್ಟಲನ್ನು ಕೈಯಿಂದ ಹಿಂದಕ್ಕೆ ಸರಿಸಿದರು. "ನಾ ಹೌದಂದ್ರ ನೀ ನಂಬ್ತಿ. ಅದಕ್ಕ ನಾ ಅನ್ನಂಗಿಲ್ಲ."

ಅದೇ ಕೊನೆಯ ಮಾತು. ನಾಲ್ಕು ದಿನಕ್ಕೆ ನ್ಯುಮೋನಿಯಾ ಬಂದು ಹೋಗಿಬಿಟ್ಟರು.

ಹದಿನೈದು ದಿನದ ಮೇಲೆ, ಅವರ ಭಾನುವಾರದಂದು, ಮೂವರು ಗೆಳೆಯರು ಆಂಟಿಯನ್ನು ಮಾತಾಡಿಸಲು ಬಂದರು. ಹೂಗುಚ್ಛ ಹಿಡಿದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದರು. ನಾನು ಚಹಾಕ್ಕೆ ನೀರಿಟ್ಟೆ. ಆಂಟಿ ಒಲೆ ಆರಿಸಿದರು.

"ಅವರಿಗೆ ಗ್ಯಾರೇಜಿನದ ಕೊಡು. ಚಹಾ ಕುಡಿಯಾಕ ಅವರು ಯಾವತ್ತು ಬಂದಾರ?"

ಗ್ಯಾರೇಜಿಗೆ ಹೋಗಿ ಐದನೇ ಜಾಡಿಯನ್ನು ಇನ್ನೊಮ್ಮೆ ಮೂಸಿದೆ. ತೆನೆಯೋ ರಟ್ಟೋ, ಇನ್ನೂ ತಿಳಿಯಲಿಲ್ಲ. ಒಯ್ದು ಬ್ರಷ್ ತೊಳೆಯುವ ಡಬ್ಬಕ್ಕೆ ಸುರಿದೆ. ಮೂರು, ನಾಲ್ಕನ್ನು ಕೂಡಿಸಿ, ಅಳತೆಯ ನೀರು ಬೆರೆಸಿ ತಂದೆ.

ಮೂವರಲ್ಲಿ ಹಿರಿಯನಾದ ಗ್ರಹಾಂ ಗ್ಲಾಸನ್ನು ಬೆಳಕಿಗೆ ಎತ್ತಿದ. "ಇದು ಗುರು ಮಾಡಿದ್ದಾ?" ಎಂದು ಕೇಳಿದ.

"ಅಲ್ಲ, ನಾನು ಮಾಡಿದ್ದು," ಎಂದೆ.

ಅವನು ನನ್ನನ್ನು ಒಮ್ಮೆ ನೋಡಿದ. ಆಮೇಲೆ ಮೂಸದೆ, ಮತ್ತೇನೂ ಕೇಳದೆ, ಕುಡಿದ.