ಸಮುದ್ರ ದಾಟದ ಫ್ರಾನ್ಸು

ನಮ್ಮ ಮಾವನವರು ಫ್ರಾನ್ಸ್ ನೋಡಿ ಬಂದವರು ಎಂದು ಲಿಂಗಸುಗೂರಿನ ಕಚೇರಿ ಕಟ್ಟೆಯಲ್ಲಿ ಬಹಳ ದಿನ ಮಾತಿತ್ತು. ಅವರು ನೋಡಿದ್ದು ಪಾಂಡಿಚೇರಿ. ಹಾಗಂತ ತಿದ್ದಲು ಹೋದವರಿಗೆ, ವಕೀಲರಾದ ಅವರ ಹತ್ತಿರ ವಕೀಲಿ ಉತ್ತರ ಸಿದ್ಧವಿರುತ್ತಿತ್ತು. ಅಲ್ಲಿ ರಾಜ್ಯ ಫ್ರೆಂಚರದು, ಪೊಲೀಸು ಫ್ರೆಂಚರದು, ಕಾಯ್ದೆ ಫ್ರೆಂಚರದು, ಮತ್ತೆ ಅದು ಫ್ರಾನ್ಸ್ ಅಲ್ಲದೆ ಇನ್ನೇನು? ಮೇಲಾಗಿ ಸಮುದ್ರ ದಾಟಿದರೆ ಜಾತಿ ಕೆಡುತ್ತದೆ, ಬಂದು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಈ ಫ್ರಾನ್ಸು ದಂಡೆಯ ಈಚೆಗೇ ಇದೆ. ದೇವರೇ ನಮ್ಮಂಥವರಿಗಾಗಿ ತಂದಿಟ್ಟ ಹಾಗಿದೆ ಎನ್ನುತ್ತಿದ್ದರು.

ನಮ್ಮ ಕಡೆ ಆಗ ನಿಜಾಮರ ಆಳ್ವಿಕೆ. ಮಾವನವರ ಜೊತೆ ಹೊರಟವರು ಇಬ್ಬರು ಗೆಳೆಯರು. ಒಬ್ಬರು ಸಿಂಧನೂರಿನ ಹತ್ತಿ ವ್ಯಾಪಾರಿ. ಅವರಿಗೆ ಪಾಂಡಿಚೇರಿಯ ಬಟ್ಟೆ ಗಿರಣಿಯ ಸೇಟೊಬ್ಬನ ಪರಿಚಯವಿತ್ತು, ಅವನ ಖಾಲಿ ಮನೆ ನಮಗೆ ಇಳಿದುಕೊಳ್ಳಲು ಗೊತ್ತಾಗಿತ್ತು. ಇನ್ನೊಬ್ಬರು ಮಸ್ಕಿಯ ಪಟೇಲರು. ಮಸ್ಕಿ ನನ್ನ ತವರು. ಅಲ್ಲಿಯ ಗುಡ್ಡದ ಬಂಡೆಯಲ್ಲಿ ಅಶೋಕನ ಅಕ್ಷರ ಸಿಕ್ಕಿದಾಗಿನಿಂದ ಎಲ್ಲೆಲ್ಲಿಂದಲೋ ಸಾಹೇಬರು ಬಂದು ನೋಡಿ ಹೋಗುತ್ತಿದ್ದರು. ಅವರಿಗೆ ದಾರಿ ತೋರಿಸಿ ತೋರಿಸಿ, ಊರು ನೋಡುವ ವಿದ್ಯೆ ತಮಗೊಬ್ಬರಿಗೇ ಗೊತ್ತು ಎಂಬ ಭ್ರಮೆ ಪಟೇಲರಿಗೆ ಬಂದಿತ್ತು.

ಹೆಂಗಸರು ನಾವಿಬ್ಬರು, ಅತ್ತೆ ಮತ್ತು ನಾನು. ನನ್ನ ಯಜಮಾನರು ರಾಯಚೂರಿನಲ್ಲಿ ಮಾಸ್ತರರು, ಅವರಿಗೆ ರಜೆ ಸಿಗಲಿಲ್ಲ. ಹೋಟೆಲಿನ ಅನ್ನ ಉಣ್ಣುವಂತಿಲ್ಲ, ಹಾಗಾಗಿ ಬೇಯಿಸಿ ಹಾಕುವ ಕೈಗಳು ಬೇಕಾಗಿದ್ದವು. ಆದರೆ ಮಾವನವರು ಅತ್ತೆಯ ಬಾಯಿಂದ ನನಗೆ ಹೇಳಿಸಿದ್ದೇ ಬೇರೆ.

"ಸೊಸೀಗೆ ಸಮುದ್ರ ತೋರಸ್ತೀನಂತ ಹೇಳು."

ಸೊಸೆಯಾದವಳು ಮಾವನ ಎದುರು ಬಾಯಿ ಬಿಡುವ ಕಾಲ ಅದಲ್ಲ. ಅವರದನ್ನು ಅತ್ತೆ ನನಗೆ, ನನ್ನದನ್ನು ಅತ್ತೆ ಅವರಿಗೆ ಮುಟ್ಟಿಸಬೇಕು, ಮೂವರೂ ಒಂದೇ ಕೋಣೆಯಲ್ಲಿದ್ದರೂ ಸರಿ.

ಆ ಮಾತಿಗೆ ನಾನು ಮರುಳಾದೆ. ಮಸ್ಕಿಯಲ್ಲಿ ಹುಟ್ಟಿದವಳಿಗೆ ನೀರೆಂದರೆ ಶಿವರಾತ್ರಿಯ ಹೊತ್ತಿಗೆ ಒಣಗುವ ಹಳ್ಳ. ಮದುವೆಯಾದ ಮೇಲೆ ಜಲದುರ್ಗದ ಹತ್ತಿರ ಕೃಷ್ಣೆ ತುಂಬಿ ಹರಿಯುವುದನ್ನು ನೋಡಿದ್ದೆ. ಅದಕ್ಕೂ ಆಚೆ ಒಂದು ದಂಡೆ ಇತ್ತು. ಆಚೆ ದಂಡೆಯೇ ಕಾಣದ ನೀರು ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು, ಅಷ್ಟೇ ನನ್ನ ಆಸೆ. ಅದಕ್ಕಾಗಿ ಸಜ್ಜೆ ರೊಟ್ಟಿ ಬಡಿದು ಒಣಗಿಸಿದೆ, ಗುರೆಳ್ಳು ಪುಡಿ ಕುಟ್ಟಿದೆ, ಜೋಳದ ಹಿಟ್ಟಿನ ಚೀಲದ ಬಾಯಿ ಹೊಲಿದೆ. ತಿನ್ನುವವರು ಐವರೋ ಐವತ್ತು ಮಂದಿಯೋ ಎನ್ನುವಷ್ಟಿತ್ತು ಗಂಟು.

ರೈಲು ಬದಲಿಸಿ ಬದಲಿಸಿ ಫ್ರೆಂಚರ ಗಡಿಗೆ ಬಂದರೆ, ಅಲ್ಲಿಯೂ ಸುಂಕ ವಸೂಲಿಗೆ ನಮ್ಮ ಕರೋಡಗಿರಿ ನಾಕೆಯಂಥದೇ ಒಂದು ನಾಕೆ. ಸಿಪಾಯಿ ಗುರೆಳ್ಳು ಪುಡಿಯ ಮೇಲೆ ಅನುಮಾನಪಟ್ಟು ಒಂದು ಚಿಟಿಕೆ ನಾಲಿಗೆಗಿಟ್ಟುಕೊಂಡ. ಆಮೇಲೆ ಉಳಿದ ಗಂಟುಗಳನ್ನು ಬಿಚ್ಚಿಸುವ ಗೋಜಿಗೆ ಹೋಗಲಿಲ್ಲ.

ಸೇಟನ ಮನೆ ದೊಡ್ಡದು. ಅಡಿಗೆಮನೆ ಹಿತ್ತಲಲ್ಲಿ, ಬಾವಿಯೂ ಅಲ್ಲೇ, ಸುತ್ತ ಆಳೆತ್ತರವನ್ನು ಮೀರಿದ ಗೋಡೆ. ಹೆಣ್ಣುಮಕ್ಕಳು ಹೊಸಿಲು ದಾಟುವ ಪ್ರಸಂಗವೇ ಬರಬಾರದೆಂದು ವಿಚಾರ ಮಾಡಿ ಕಟ್ಟಿಸಿದಂತಿತ್ತು. ಗೋಡೆಯಾಚೆ ಎಡೆಬಿಡದೆ ಭೋರ್ ಎಂಬ ಸದ್ದು.

"ಅತ್ತೀ, ಏನ್ರಿ ಅದು?"

"ಗಿರಣಿ ಇರಬೇಕು. ರಾಯಚೂರಾಗ ಹತ್ತಿ ಗಿರಣಿ ಹಿಂಗ ಒದರ್ತದ," ಎಂದರು ಅತ್ತೆ. ಗಿರಣಿಯ ಸೇಟನ ಮನೆ, ಹಿಂದೆ ಗಿರಣಿ ಇದ್ದೀತು. ನಾನು ರೊಟ್ಟಿ ಬಡಿಯುತ್ತ ಕುಳಿತೆ.

ಗಂಡಸರು ಬೆಳಿಗ್ಗೆ ಉಂಡು ಹೊರಟರೆ ಮಧ್ಯಾಹ್ನ ಉಣ್ಣಲು ಬರುವರು, ಉಂಡು ಮತ್ತೆ ಹೊರಡುವರು. ಪಟೇಲರು ಯಾವನೋ ಫ್ರೆಂಚ್ ದೊರೆಯ ಪ್ರತಿಮೆಗೆ ರೂಢಿಯಂತೆ ಪ್ರದಕ್ಷಿಣೆ ಹಾಕಿದರಂತೆ. ಕೆಳಗೆ ಕೆತ್ತಿದ ಅಕ್ಷರ ಓದಲು ಬಾರದೆ, ಮಸ್ಕಿಯ ಬಂಡೆಯ ಬರಹ ಇದಕ್ಕಿಂತ ಹಳೆಯದೆಂದು ದಾರಿಹೋಕರಿಗೆ ತಿಳಿಸಿದರಂತೆ, ಅದೂ ಉರ್ದುವಿನಲ್ಲಿ. ಮಾವನವರು ಹೋಟೆಲೊಂದರ ಕಿಟಕಿಯಿಂದ ಫ್ರೆಂಚರು ಉಣ್ಣುವುದನ್ನು ನೋಡಿ ಬಂದಿದ್ದರು. ಬದನೆಕಾಯಿ ಎಣ್ಣೆಗಾಯಿಗೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತ, "ಪದಾರ್ಥಕ್ಕೊಂದು ತಾಟು ಬದಲಿ ಮಾಡ್ತಾರ್ರೀ, ಭಾಳ ನಾಜೂಕು ಮಂದಿ" ಎಂದರು.

"ಅಷ್ಟೂ ತಾಟು ತಿಕ್ಕೋರು ಯಾರಂತ?" ಎಂದು ಅತ್ತೆ ಕೇಳಿದರು. ಅದು ಕಿಟಕಿಯಿಂದ ಕಂಡಿರಲಿಲ್ಲ.

ಸಂಜೆಯಾದರೆ ಮೂವರಿಗೂ ಒಟ್ಟಿಗೇ ಅಜೀರ್ಣ. ಸಿಂಧನೂರಿನವರು ಕರಿ ಬಾಟಲಿಯೊಂದನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ತರುತ್ತಿದ್ದರು. ಅದು ಫ್ರೆಂಚರ ದ್ರಾಕ್ಷಾಸವವಂತೆ, ನಮ್ಮ ವೈದ್ಯರು ಕೊಡುವುದಕ್ಕಿಂತ ಸ್ವಲ್ಪ ಚುರುಕಂತೆ. ಔಷಧ ಹೊಟ್ಟೆಗೆ ಹತ್ತಬೇಕಾದರೆ ಪಥ್ಯ ಬೇಕಲ್ಲ, ಅದಕ್ಕೆ ಮೆಣಸಿನಕಾಯಿ ಭಜಿ. ಒಂದು ಬಾಣಲೆ ತೆಗೆದು ಕೊಡುವಷ್ಟರಲ್ಲಿ ಇನ್ನೊಂದು ಬಾಣಲೆಗೆ ಕೂಗು. ಅಜೀರ್ಣಕ್ಕೆ ಅಷ್ಟು ಭಜಿ ತಿಂದವರನ್ನು ನಾನು ಆಮೇಲೆ ಕಂಡಿಲ್ಲ. ಊಟದ ಹೊತ್ತಿಗೆ ಪಟೇಲರು ಹಾಡುತ್ತಿದ್ದರು, ಮಾವನವರು ಪಾಂಡಿಚೇರಿಯ ಕಾಯ್ದೆಯಲ್ಲಿ ಲಿಂಗಸುಗೂರಿನ ಖಟ್ಲೆಯೊಂದನ್ನು ಗೆಲ್ಲುತ್ತಿದ್ದರು.

ನಾನು ದಿನಾ ಅತ್ತೆಯನ್ನು ಕೇಳುತ್ತಿದ್ದೆ, "ಸಮುದ್ರಕ್ಕ ಯಾವಾಗ ಹೋಗೋದು ಕೇಳ್ರಿ." ಅತ್ತೆ ಕೇಳುವರು. "ನಾಳೆ" ಎಂಬ ಉತ್ತರ ಅತ್ತೆಯ ಬಾಯಿಂದ ನನ್ನ ಕಡೆ ಬರುವುದು.

ಹೊರಡುವ ದಿನ ಬಂತು. ಜಟಕಾ ಬಾಗಿಲಿಗೆ ನಿಂತಿತ್ತು. ಗಂಡಸರು ನಸುಕಿನಲ್ಲೇ ಸಮುದ್ರಸ್ನಾನ ಮುಗಿಸಿ ಬಂದು ಒದ್ದೆ ಧೋತರ ಹಿಂಡುತ್ತಿದ್ದರು. ಜಟಕಾ ಹತ್ತಿ ಕುಳಿತಿದ್ದ ಅತ್ತೆ ನಾನು ಹೇಳದೆಯೇ ಕೇಳಿದರು, "ಅಕಿಗೆ ಸಮುದ್ರ ತೋರಸ್ತೀನಿ ಅಂದಿದ್ರಿ."

ಮಾವನವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಗ್ವಾಡಿ ಹಿಂದ ಅದಲ್ಲ ಸಮುದ್ರ. ಅಡಿಗಿಮನ್ಯಾಗ ಕೂತು ಇಷ್ಟ್ ದಿನ ಕೇಳ್ಯಾಳಲ್ಲ. ಇನ್ನೇನದ ನೋಡೋದು? ರೈಲಿಗೆ ಹೊತ್ತಾಗ್ತದ, ಹತ್ತ ಅಂತ ಹೇಳು."

ನನ್ನ ಮೈ ಉರಿದು ಹೋಯಿತು. ಅವರು ಸುಳ್ಳು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಾನು ನೋಡಿಲ್ಲ ಎಂಬುದು ಅವರ ತಲೆಗೇ ಬಂದಿರಲಿಲ್ಲ, ಅದು ಹೆಚ್ಚು ನೋಯಿಸಿತು. ಅತ್ತೆಯ ಕಡೆ ನೋಡದೆ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ನೇರವಾಗಿ ಅವರಿಗೇ ಹೇಳಿದೆ.

"ಮಾವಾ, ನಾ ನೋಡಿ ಬರ್ತೀನ್ರಿ."

ಉತ್ತರಕ್ಕೆ ಕಾಯದೆ ಗೋಡೆಯ ಮಗ್ಗುಲಿನ ಸಂದಿ ಹಿಡಿದು ನಡೆದೆ. ಹಿಂದೆ ಅತ್ತೆಯ ದನಿ ಕೇಳಿಸಿತು, "ಪರಊರಾಗ ಹೆಣ್ಣುಮಗಳು ಒಬ್ಬಾಕಿನ ಹೋಗಬಾರದು." ಗದರಿಸುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಿದರೆ, ಆ ಮಾತನ್ನು ಮಾವನವರ ಮುಖಕ್ಕೆ ಹೇಳಿ ಜಟಕಾದಿಂದ ಇಳಿದು ನನ್ನ ಹಿಂದೆಯೇ ಬರುತ್ತಿದ್ದರು.

ಸಂದಿ ಮುಗಿದಲ್ಲೇ ಸಮುದ್ರ. ಆಚೆ ದಂಡೆ ಇರಲಿಲ್ಲ. ನಾನು ಕಣ್ಣೀರು ಹಾಕಿದೆನೋ ನಕ್ಕೆನೋ ಗೊತ್ತಿಲ್ಲ, ಎರಡೂ ಇರಬೇಕು. ಅತ್ತೆ ಉಸುಕಿನಲ್ಲಿ ಕುಳಿತುಬಿಟ್ಟರು. ನೀರು ಬಂದು ಸೀರೆ ತೋಯಿಸಿದರೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಸಿಂಧನೂರಿನವರು ದೂರದಲ್ಲಿ ನಿಂತು ಕೆಮ್ಮಿದರು. ಅತ್ತೆ ತಿರುಗದೆಯೇ ಹೇಳಿದರು, "ಇನ್ನೂ ಹೊತ್ತಾಗ್ತದ ಅಂತ ಹೇಳ್ರಿ."

ಮುತ್ತೈದೆಯರನ್ನು ಪರಊರಿನಲ್ಲಿ ಬಿಟ್ಟು ಹೋಗುವಂತಿಲ್ಲವಲ್ಲ, ರೈಲು ಹೋಯಿತು, ಅವರು ಉಳಿದರು. ಮಧ್ಯಾಹ್ನ ಪಟೇಲರು ಅಡಿಗೆಮನೆಯಲ್ಲಿ ಇಣುಕಿದರು. "ಹಿಟ್ಟಿನ ಚೀಲ ಕಟ್ಟೀವಿ, ಮತ್ತ ಬಿಚ್ಚಾಂಗಿಲ್ಲ," ಎಂದರು ಅತ್ತೆ. ಆಪತ್ಕಾಲಕ್ಕೆ ದೋಷವಿಲ್ಲವೆಂದು ಮಾವನವರು ಶಾಸ್ತ್ರ ತೆಗೆದರು. ಮೂವರೂ ಬಡಿಗೆಯುದ್ದದ ಫ್ರೆಂಚ್ ಬ್ರೆಡ್ಡು ತಂದು ಮುರಿಯಲಾರದೆ ಮುರಿದು ತಿಂದರು. ನಾವಿಬ್ಬರು ಬಾಳೆಹಣ್ಣು ತಿಂದು ಮತ್ತೆ ಸಮುದ್ರಕ್ಕೆ ಹೋದೆವು. ಭಜಿ ಇಲ್ಲದ್ದಕ್ಕೋ ಏನೋ, ಅವತ್ತು ಸಂಜೆ ಯಾರಿಗೂ ಅಜೀರ್ಣವಾಗಲಿಲ್ಲ.

ಊರಿಗೆ ಬಂದ ಮೇಲೆ ಮಾವನವರು ಪಡಸಾಲೆಯಲ್ಲಿ ಕುಳಿತು, "ಹೆಣ್ಣುಮಕ್ಕಳಿಗೆ ಸಮುದ್ರ ತೋರಸಬೇಕಂತ ಒಂದಿನ ಹೆಚ್ಚಿಗಿ ನಿಂತಿವ್ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅತ್ತೆ ಒಲೆಯ ಮುಂದೆ ರೊಟ್ಟಿ ಮಗುಚುತ್ತಿದ್ದರು. ಒಂದು ದಿನ ಓಣಿಯ ಹೆಂಗಸರು ಹಿತ್ತಲ ಬಾಗಿಲಿಗೆ ಬಂದು, ಸಮುದ್ರ ಹೆಂಗಿರ್ತದರಿ ಎಂದು ಕೇಳಿದರು.

ಅತ್ತೆ ಕೈಗಂಟಿದ ಹಿಟ್ಟು ಒರೆಸಿಕೊಂಡರು.

"ಭಾಳ ದೊಡ್ಡದದವಾ," ಎಂದರು. "ಕಣ್ಣು ಹೋಗೋಷ್ಟು ದೂರ ನೋಡಿದೆ, ಎಲ್ಲೂ ಒಂದು ಒಲಿ ಇಲ್ಲ."