ಮೊಲಗಳಿಗೆ ಅವ್ವ ಹೇಳಿದ ಮಾತು

ಅವ್ವ ಮೊಲಗಳಿಗೆ ಬೈದ ಬೈಗುಳದ ಶುರುವಿನಲ್ಲಿ ಏನೇನು ಮಾತಿತ್ತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಅದು ಮೈಕಿನಲ್ಲಿ ದಾಖಲಾಗಿತ್ತು, ಆಮೇಲೆ ಅಳಿಸಿಹೋಯಿತು. ನಾನು ಇತಿಹಾಸ ಓದಿದವಳು. ದಾಖಲೆ ಹೋದ ಮೇಲೆ ಉಳಿಯುವ ನೆನಪನ್ನು, ಅದರಲ್ಲೂ ನನ್ನದನ್ನು, ಅಷ್ಟಾಗಿ ನಂಬುವುದಿಲ್ಲ. ಅವತ್ತಿನ ದಿನಚರಿಯಲ್ಲಿ ನಾನು ಬರೆದಿರುವುದು ‘ಬಹಳ ನಕ್ಕೆವು’ ಎಂದಷ್ಟೇ.

ಹನುಮಸಾಗರದ ಹತ್ತಿರ ನಮ್ಮ ಹೊಲ. ಬಾವಿಯ ಕೆಳಗಿನ ಪಟ್ಟಿಯಲ್ಲಿ ಅಪ್ಪ ಯಾವಾಗಲೂ ಜೋಳ ಬಿತ್ತುತ್ತಿದ್ದರು. ಆ ವರ್ಷ ಅವ್ವ ಅದನ್ನು ತನಗೆ ಬಿಡಬೇಕೆಂದು ಹಟ ಹಿಡಿದಳು. ಅಪ್ಪ ಒಪ್ಪಿದ್ದು ಒಂದು ಕರಾರಿನ ಮೇಲೆ: “ಬೆಳಿ ಬಂತಂದ್ರ ಪಟ್ಟಿ ನಿಂದು. ಬರಲಿಲ್ಲಂದ್ರ ಮತ್ತ ನನ್ನ ಜೋಳ.” ರಂಜಾನ್ ತಿಂಗಳಿಗೆ ಹಣ್ಣಾಗುವಂತೆ ಲೆಕ್ಕ ಹಾಕಿ ಅವ್ವ ಕಲ್ಲಂಗಡಿ ಹಾಕಿದಳು. ಪಕ್ಕದ ಹೊಲದ ಚಾಚಾ ಕುಷ್ಟಗಿಯಲ್ಲಿ ಹಣ್ಣಿನ ಗಾಡಿ ಇಟ್ಟವರು. ಬೆಳೆಯೆಲ್ಲ ತಾವೇ ಕೊಳ್ಳುವುದಾಗಿ ಹೇಳಿದ್ದರು.

ಸಸಿ ಎರಡು ಎಲೆ ಬಿಟ್ಟಾಗ ಮೊಲಗಳು ಬಂದವು. ಕೊಪ್ಪಳದ ನೌಕರಿಯಿಂದ ಶನಿವಾರ ಊರಿಗೆ ಬಂದ ನನ್ನನ್ನು ಅವ್ವ ಸೀದಾ ಹೊಲಕ್ಕೆ ಕರೆದೊಯ್ದಳು. ದಂಟುಗಳು ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ನಿಂತಿದ್ದವು. ಸುತ್ತ ದುಂಡನೆಯ ಹಿಕ್ಕೆ. ಹಿಂದೆಲ್ಲ ಬಲೆ ಒಡ್ಡುತ್ತಿದ್ದರು, ಈಗ ಹಿಡಿದರೆ ಕೇಸ್ ಆಗುತ್ತದೆ ಎಂದರು ಅಪ್ಪ. “ಹಿಡಿಯೂದೂ ಬ್ಯಾಡ, ಕೊಲ್ಲೂದೂ ಬ್ಯಾಡ. ಅತ್ತಾಗ ಹೋದ್ರ ಸಾಕು,” ಎಂದಳು ಅವ್ವ.

ಚಾಚಾ ತಮ್ಮ ಗಾಡಿಯ ಬ್ಯಾಟರಿ ಮೈಕು ತಂದುಕೊಟ್ಟರು. ಒಮ್ಮೆ ಧ್ವನಿ ತುಂಬಿಸಿದರೆ ಅದನ್ನೇ ಮತ್ತೆ ಮತ್ತೆ ಕೂಗುತ್ತಿರುವ ಮೈಕು. ಮುಸ್ಸಂಜೆಗೆ ಅದನ್ನು ಗೂಟಕ್ಕೆ ಕಟ್ಟಿ ಗುಂಡಿ ಒತ್ತಿದರೆ ಅವರದೇ ಹಳೆಯ ಕೂಗು: “ಬರ್ರಿ, ಬರ್ರಿ! ಸಕ್ರಿಯಂಥಾವು ಅದಾವ, ತಿಂದ ನೋಡ್ರಿ!”

“ಅಣ್ಣಾರ, ಇದು ಕರಿಯಾಕತ್ತೈತಲ್ರಿ!” ಎಂದಳು ಅವ್ವ.

“ಮೊಲಕ್ಕ ಕನ್ನಡ ಎಲ್ಲಿ ತಿಳಿತೈತಿ ತಂಗಿ? ಸಪ್ಪಳಾದ್ರ ಸಾಕು.”

ಬೆಳಿಗ್ಗೆ ನೋಡಿದರೆ ಮತ್ತಷ್ಟು ಸಸಿಗಳಿಗೆ ತಲೆಯಿಲ್ಲ.

“ಅಷ್ಟ ಮರ್ಯಾದಿಲೆ ಕರದ್ರ ಯಾರ ಬರಂಗಿಲ್ಲ?” ಎಂದು ಅವ್ವ ಮೈಕು ಕೈಗೆತ್ತಿಕೊಂಡಳು.

ಕೆಂಪು ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಧ್ವನಿ ತುಂಬುತ್ತದೆ. ಮನೆಯಲ್ಲಿ ನಮ್ಮನ್ನೆಲ್ಲ ನಡುಗಿಸುವ ಅವ್ವ ಗುಂಡಿ ಒತ್ತಿದ ಕೂಡಲೇ ಸೆರಗು ಸರಿಮಾಡಿಕೊಂಡು, “ಹಾಂ... ನಮಸ್ಕಾರ್ರಿ. ಈ ಕಡಿ ಬರಬ್ಯಾಡ್ರಿ,” ಎಂದಳು. ‘ದಯಮಾಡಿ’ ಎಂದೂ ಹೇಳಿದಳೆಂದು ನನ್ನ ನೆನಪು. ಅವ್ವ ಅದನ್ನು ಖಡಾಖಂಡಿತವಾಗಿ ಅಲ್ಲಗಳೆಯುತ್ತಾಳೆ. ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು.

ಬೇವಿನ ಕೆಳಗೆ ಹೊರಸಿನ ಮೇಲೆ ಚಹಾ ಕುಡಿಯುತ್ತಿದ್ದ ಅಪ್ಪ ಸುಮ್ಮನಿರಲಿಲ್ಲ. “ಮೊಲಕ್ಕ ಲಗ್ನದ ಕಾರ್ಡು ಓದಿ ಹೇಳಾಕತ್ತಿ ಏನ?”

ಅವ್ವ ತಿರುಗಿದಳು. “ನೀವು ನಕ್ಕೋತ ಕುಂದರ್ರಿ! ಮಂದಿ ಬೆಳಿ ಹಾಳಾಗೂದು ನೋಡಿ ಹಲ್ಲ ಕಿಸಿತೀರಿ? ಏಳ್ರಿ ಮೊದಲ! ನಡೀರಿ ಅತ್ತಾಗ! ನಡೀರಿ ಅಂದ್ನಿ!”

ಬೆರಳು ಗುಂಡಿಯ ಮೇಲೇ ಇತ್ತು.

ಅಂದಿನಿಂದ ಪ್ರತಿ ಸಂಜೆ ನಮ್ಮ ಹೊಲದಲ್ಲಿ ‘ನಮಸ್ಕಾರ್ರಿ’ಯಿಂದ ಶುರುವಾಗಿ ‘ನಡೀರಿ ಅಂದ್ನಿ’ಗೆ ಮುಗಿಯುವ ಮಾತು ಮೊಳಗತೊಡಗಿತು. ‘ಏಳ್ರಿ’ ಎಂದಾಗಲೆಲ್ಲ ಅಪ್ಪ ಹೊರಸಿನಿಂದ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, “ಏನ್ರಿ ಯಜಮಾನ್ರ, ಇನ್ನೂ ಎದ್ದಿಲ್ಲೇನ್ರಿ?” ಎಂದು ಕೇಳುತ್ತಿದ್ದರು.

“ಮೊಲದ್ದು ಗೊತ್ತಿಲ್ಲಪಾ, ನನಗಂತೂ ಅಂಜಿಕಿ ಬಂದೈತಿ,” ಎನ್ನುತ್ತಿದ್ದರು ಅಪ್ಪ.

ಹೋದ ಸಸಿಗಳ ಜಾಗಕ್ಕೆ ಅವ್ವ ನರ್ಸರಿಯಿಂದ ಬೇರೆ ತಂದು ನೆಟ್ಟಳು. ಅವು ಉಳಿದವು. ಬಳ್ಳಿ ಬಲಿತು ಎಲೆ ಒರಟಾಗಿದ್ದರಿಂದ ಮೊಲಗಳಿಗೆ ರುಚಿ ತಪ್ಪಿತೋ, ಅವ್ವನ ಧ್ವನಿಗೆ ಹೆದರಿದವೋ, ನಾನು ಹೇಳಲಾರೆ. ಒಂದು ಸಂಜೆ ಬದುವಿನ ಮೇಲೆ ಒಂದು ಮೊಲ ಕಿವಿ ನಿಮಿರಿಸಿ ಕೂತು, ಬೈಗುಳವನ್ನು ಕೊನೆಯವರೆಗೆ ಕೇಳಿ, ಆಮೇಲೆ ಜಿಗಿದು ಹೋದದ್ದನ್ನು ನೋಡಿದ್ದೇನೆ. ನೋಡಿದ್ದೇನೆ ಅನಿಸುತ್ತದೆ.

ರಂಜಾನಿಗೆ ಹಣ್ಣು ಬಂತು. ಚಾಚಾ ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ ಟಂಟಂ ಗಾಡಿಗೆ ತುಂಬಿಸಿದರು. “ತಂಗಿ, ಬೆಳಿ ನಿಂದು, ಕೂಗೂ ನಿಂದ ಇರಲಿ,” ಎಂದು ಮೈಕನ್ನು ಅವಳ ಕೈಗೇ ಕೊಟ್ಟರು. ಹಳೆಯ ಬೈಗುಳದ ಮೇಲೆಯೇ ಅವ್ವ ಚಾಚಾರ ಹಣ್ಣಿನ ಗಾಡಿಗೆಂದು ಹೊಸ ಕೂಗು ತುಂಬಿಸಿದಳು.

ಮರುವಾರ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ನನಗೆ ಮೊದಲು ಕೇಳಿದ್ದು ಮೈಕಿನಲ್ಲಿ ಅವ್ವನ ಧ್ವನಿ. “ಬರ್ರಿ ಅಕ್ಕಾರ, ಬರ್ರಿ ಅಣ್ಣಾರ, ಕೆಂಪನ್ನ ಕಲ್ಲಂಗಡಿ ಐತ್ರಿ!” ಅದು ಮುಗಿಯುತ್ತಲೇ, ಸ್ವಲ್ಪ ದೂರದಿಂದ ಅಪ್ಪನ ಧ್ವನಿ: “ಮುಂದಿನ ಸಲ ನಿನ್ನ ಪಟ್ಟಿಯೊಳಗ ಏನ ಹಾಕ್ತಿ?”

ಈ ಸಲವೂ ಅವ್ವ ಬೆರಳು ತೆಗೆದಿರಲಿಲ್ಲ.

ನಾನು ಗಾಡಿಯ ಮುಂದೆ ನಿಂತು ಮತ್ತೊಮ್ಮೆ ಕೇಳಿದೆ, ಮಗದೊಮ್ಮೆ ಕೇಳಿದೆ. ‘ನಿನ್ನ ಪಟ್ಟಿ’ ಎಂದೇ ಇತ್ತು. ಅನುಮಾನಕ್ಕೆ ಜಾಗವಿರಲಿಲ್ಲ.

ಚಾಚಾ ಹಣ್ಣು ಕೊಯ್ಯುತ್ತಾ ನಕ್ಕರು. “ನಿಮ್ಮವ್ವಗ ಹೇಳವಾ, ಲಗೂನ ಜವಾಬು ಕೊಡಂತ. ಗಿರಾಕಿ ಎಲ್ಲಾ ನನ್ನ ಕೇಳಾಕತ್ತಾರ.”