ಹಮೀದನನ್ನು ಹೊಗಳಿದ ತಪ್ಪಿಗೆ

ನನಗೆ ಫುಟ್‌ಬಾಲ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕುವೈತಿನಲ್ಲಿರುವ ನಮ್ಮೂರಿನವರಲ್ಲಿ ಕೆಲವರು ನನ್ನನ್ನು ಫುಟ್‌ಬಾಲ್ ಪಂಡಿತನೆಂದು ತಿಳಿದುಕೊಂಡಿದ್ದಾರೆ. ಕಾಲೇಜಿನಲ್ಲಿದ್ದಾಗ ತಂಡಕ್ಕೆ ಒಬ್ಬ ಕಡಿಮೆ ಬಿದ್ದನೆಂದು ಒಮ್ಮೆ ನನ್ನನ್ನು ಮೈದಾನಕ್ಕೆ ಇಳಿಸಿದ್ದರು. ಚೆಂಡು ನನ್ನ ಬಳಿ ಬಂದದ್ದು ಒಂದೇ ಸಲ, ಅದೂ ಬೆನ್ನಿಗೆ. ಅಂದಿನಿಂದ ನಾನು ಗೆರೆಯ ಹೊರಗೆ ನಿಂತು ನೋಡುವವನು, ನೋಡಿದ್ದಕ್ಕಿಂತ ಹೆಚ್ಚು ಮಾತಾಡುವವನು. ಇಂಥವರಿಗೆ ಊರಿನಲ್ಲಿ ಬೇರೆ ಹೆಸರುಗಳುಂಟು. ಇಲ್ಲಿ ಮರ್ಯಾದೆಯಿಂದ ಅಭಿಮಾನಿ ಎನ್ನುತ್ತಾರೆ.

ನಾನು ಅಭಿಮಾನಿಯಾಗಿರುವುದು ಮಂಗಳೂರಿನ ಒಂದು ಕಾಲೇಜಿಗೆ. ಹೆಸರು ಹೇಳಿದರೆ ಜಗಳಕ್ಕೆ ಬರುವವರಿದ್ದಾರೆ, ಗುಡ್ಡೆ ಕಾಲೇಜು ಎಂದುಕೊಳ್ಳಿ. ನಮ್ಮ ಹುಟ್ಟುವೈರಿ ಬಂದರು ಕಾಲೇಜು. ಎರಡರ ನಡುವೆ ಸಿಟಿ ಬಸ್ಸಿನಲ್ಲಿ ನಾಲ್ಕೇ ಸ್ಟಾಪು. ವೈರ ಯಾಕೆ ಶುರುವಾಯಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಬ್ಬರು ರೆಫ್ರಿ ಕಾರಣ ಎನ್ನುತ್ತಾರೆ, ಇನ್ನೊಬ್ಬರು ಕ್ಯಾಂಟೀನಿನ ಗೋಳಿಬಜೆ ಕಾರಣ ಎನ್ನುತ್ತಾರೆ. ಏನೇ ಇರಲಿ, ಆ ನಾಲ್ಕು ಸ್ಟಾಪಿನ ವೈರವನ್ನು ನಾವು ಜೋಪಾನವಾಗಿ ಸಮುದ್ರ ದಾಟಿಸಿ ತಂದಿದ್ದೇವೆ. ಉಪ್ಪಿನಕಾಯಿಯ ಭರಣಿಯನ್ನಾದರೂ ವಿಮಾನ ನಿಲ್ದಾಣದಲ್ಲಿ ಬಿಚ್ಚಿ ನೋಡಿದರು, ಇದನ್ನು ಯಾರೂ ತಡೆಯಲಿಲ್ಲ.

ಪ್ರತಿ ಜನವರಿಯಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಅಬು ಹಲೀಫಾದ ಹತ್ತಿರ ಪ್ಲಾಸ್ಟಿಕ್ ಹುಲ್ಲಿನ ಮೈದಾನವೊಂದನ್ನು ಬಾಡಿಗೆಗೆ ಹಿಡಿದು ಎರಡೂ ಕಾಲೇಜಿನ ಹಳೆ ವಿದ್ಯಾರ್ಥಿಗಳು ಆಡುತ್ತಾರೆ. ಹಳೆ ಎನ್ನುವ ಮಾತನ್ನು ಇಲ್ಲಿ ಒತ್ತಿ ಓದಬೇಕು. ಮೊದಲು ತಂಡಕ್ಕೆ ಹನ್ನೊಂದು ಜನ ಇದ್ದರು, ಈಗ ಏಳು. ಮೊದಲು ಪದವಿ ಮುಗಿಸಿದವರಿಗಷ್ಟೇ ಅವಕಾಶವಿತ್ತು. ಆಮೇಲೆ ಫೇಲಾದವರನ್ನೂ ಸೇರಿಸಿಕೊಂಡೆವು. ಮೊಣಕಾಲುಗಳು ಕೈಕೊಡತೊಡಗಿದ ಮೇಲೆ ಅಳಿಯ ಕೋಟಾ ಬಂತು. ನಮ್ಮ ಕಾಲೇಜಿನಲ್ಲಿ ಓದಿದ ಹುಡುಗಿಯನ್ನು ಮದುವೆಯಾದವನು ನಮ್ಮ ಕಡೆಯಿಂದ ಆಡಬಹುದು ಎಂದು ನಿಯಮ. ಕಳೆದ ವರ್ಷ ನಮ್ಮ ಏಕೈಕ ಗೋಲು ಹೊಡೆದವನು ಒಬ್ಬ ಅಳಿಯ. ಅವನು ಗುಡ್ಡೆಯನ್ನೇ ಹತ್ತಿದವನಲ್ಲ.

ಇದರಲ್ಲಿ ನನ್ನ ಕೆಲಸವೆಂದರೆ ಮುನ್ನೋಟ ಬರೆಯುವುದು. ಪಂದ್ಯದ ಹಿಂದಿನ ಬುಧವಾರ ಬೆಳಿಗ್ಗೆ ಎರಡೂ ಕಾಲೇಜಿನವರಿರುವ ವಾಟ್ಸಾಪ್ ಗುಂಪಿಗೆ ಅದನ್ನು ಹಾಕುತ್ತೇನೆ. ಹದಿನೇಳು ವರ್ಷದಿಂದ ಹಾಕುತ್ತಿದ್ದೇನೆ. ಯಾರು ಗೆಲ್ಲುತ್ತಾರೆ, ಯಾರ ಹೊಟ್ಟೆ ಎಷ್ಟು ಬೆಳೆದಿದೆ, ಯಾರು ಅರ್ಧಕ್ಕೇ ಕೂರುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಭವಿಷ್ಯ ಹೇಳುವ ಈ ಚಟ ನಮಗೆ ರಕ್ತದಲ್ಲೇ ಬಂದಿರಬೇಕು. ನಮ್ಮ ಕರಾವಳಿಯಲ್ಲಿ ಕೋಳಿ ಅಂಕಕ್ಕೂ ಪಂಚಾಂಗವುಂಟು. ಯಾವ ವಾರ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಅದರಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಹುಂಜವನ್ನು ಕಳೆದುಕೊಂಡವರು ಮರುವರ್ಷವೂ ಅದೇ ಪಂಚಾಂಗವನ್ನು ನೋಡುತ್ತಾರೆ. ನನ್ನ ಮುನ್ನೋಟದ ಓದುಗರೂ ಅಂಥವರೇ. ಹದಿನೇಳು ವರ್ಷದಲ್ಲಿ ನನ್ನ ಭವಿಷ್ಯ ನಿಜವಾದದ್ದು ಎರಡು ಸಲ. ಒಂದು ಸಲ ಮಳೆ ಬರುತ್ತದೆ ಎಂದಿದ್ದೆ.

ಮುನ್ನೋಟದ ನಿಜವಾದ ರುಚಿ ಇರುವುದು ಬೈಗುಳದಲ್ಲಿ. ಬೈದು ಹಾಡುವುದೂ ಭಕ್ತಿಯೇ ಎಂದು ನಮ್ಮ ಹಿರಿಯರು ಅದಕ್ಕೆ ನಿಂದಾಸ್ತುತಿ ಎಂದು ಹೆಸರಿಟ್ಟಿದ್ದಾರೆ. ದೇವರನ್ನೇ ಕರಿಯ, ಕಳ್ಳ, ತಿರುಕ ಎಂದು ಕರೆದ ನಾಡು ನಮ್ಮದು. ನನ್ನ ಮಟ್ಟಿಗೆ ಆ ದೇವರ ಜಾಗದಲ್ಲಿ ಹದಿನೇಳು ವರ್ಷದಿಂದ ನಿಂತಿರುವವನು ಬಂದರು ಕಾಲೇಜಿನ ಗೋಲ್‌ಕೀಪರ್ ಹಮೀದ್.

ಹಮೀದ್ ಸುಲೈಬಿಯಾದ ತರಕಾರಿ ಗೋದಾಮೊಂದರಲ್ಲಿ ಸೂಪರ್‌ವೈಸರ್. ಟೊಮೆಟೊ ಬಾಕ್ಸನ್ನು ದೂರದಿಂದ ಎಸೆದರೂ ಹಿಡಿಯುತ್ತಾನೆ, ಚೆಂಡು ಮಾತ್ರ ಅವನ ಕೈಗೆ ಸಿಕ್ಕಿದ್ದು ಕಡಿಮೆ. ಅವನ ಎರಡು ಕಾಲುಗಳ ನಡುವೆ ಆರನೇ ರಿಂಗ್ ರೋಡು ಹಾದುಹೋಗುತ್ತದೆ ಎಂದು ಒಂದು ವರ್ಷ ಬರೆದಿದ್ದೆ. ಮರುವರ್ಷ, ಆ ರೋಡಿಗೆ ಈಗ ಸರ್ವಿಸ್ ರೋಡೂ ಆಗಿದೆ ಎಂದು ಬರೆದೆ. ನಮ್ಮ ಕಚೇರಿಯಲ್ಲಿ ಒಬ್ಬ ಅಮೆರಿಕದ ಇಂಜಿನಿಯರ್ ಇದ್ದಾನೆ. ಅವರಲ್ಲೂ ಕಾಲೇಜು ಪಂದ್ಯದ ಮುನ್ನೋಟ ವಾರಗಟ್ಟಲೆ ನಡೆಯುತ್ತದಂತೆ, ಬೀಗರು ಬೀಗರೊಡನೆ ಮಾತು ಬಿಡುತ್ತಾರಂತೆ. ಆದರೆ ಅವರ ಫುಟ್‌ಬಾಲನ್ನು ಕೈಯಲ್ಲಿ ಅಪ್ಪಿ ಹಿಡಿದು ಓಡಬೇಕು. ಅಲ್ಲಿಗೂ ಹಮೀದ್ ಆಗುವವನಲ್ಲ ಎಂದು ಅದನ್ನೂ ಬರೆದೆ. ಹಮೀದ್ ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ಓದಿ, "ಈ ಸಲ ಸ್ವಲ್ಪ ಉಪ್ಪು ಕಮ್ಮಿ ಮಾರಾಯ" ಎಂದು ಫೋನ್ ಮಾಡುತ್ತಿದ್ದ.

ಈ ಹಮೀದ್ ತಿಂಗಳ ಕೊನೆಗೆ ಕುವೈತ್ ಬಿಡುತ್ತಿದ್ದಾನೆ. ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಮುಗಿಯುತ್ತದೆ, ಕಂಪನಿ ಇನ್ನು ಅದನ್ನು ಮುಂದುವರಿಸುವುದಿಲ್ಲ. ಖಲಾಸ್, ಉಳ್ಳಾಲಕ್ಕೆ ಹೋಗಿ ಕೂರುತ್ತೇನೆ ಎಂದು ಅವನೇ ನಗುತ್ತ ಹೇಳಿದ. ನಾಳಿನ ಪಂದ್ಯ ಅವನ ಕೊನೆಯದು. ನನಗೆ ಇದರಿಂದ ಬೇಸರವಾಗಿದೆ. ಬೇಸರವನ್ನು ಬೇಸರವೆಂದೇ ಹೇಳುವ ಅಭ್ಯಾಸ ನಮ್ಮಿಬ್ಬರ ನಡುವೆ ಇಲ್ಲದ್ದರಿಂದ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮುನ್ನೋಟದಲ್ಲಿ ಅವನನ್ನು ಹೊಗಳಿದೆ.

ಹೊಗಳುವುದೆಂದರೆ ಸುಮ್ಮನೆ ಅಲ್ಲ. 'ಸದಾ ಹಸನ್ಮುಖಿ' ಎಂದು ಬರೆದೆ. 'ಸರಳ ಸಜ್ಜನ', 'ಎಲ್ಲರಿಗೂ ಬೇಕಾದವರು', 'ಅವರ ಸ್ಥಾನ ತುಂಬುವವರಿಲ್ಲ' ಎಂದೆಲ್ಲ ಬರೆದೆ. ಅಷ್ಟು ವರ್ಷ 'ಅವನು' ಆಗಿದ್ದವನನ್ನು 'ಅವರು' ಮಾಡಿದೆ. ಬರೆದು ಮುಗಿಸಿ, ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ನನ್ನ ಹೆಂಡತಿ ಜೆಸಿಂತಾಳಿಗೆ ಓದಿ ಹೇಳಿದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತ, "ಚಂದ ಉಂಟು. ಇಗರ್ಜಿಯಲ್ಲಿ ಓದ್ಬಹುದು" ಎಂದಳು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಇಂಥದ್ದನ್ನು ಓದುವುದು ಯಾವಾಗ ಎಂದು ಯೋಚಿಸದೆ ನಾನು ಅದನ್ನು ಮೆಚ್ಚುಗೆ ಎಂದುಕೊಂಡು ನಿನ್ನೆ ಬೆಳಿಗ್ಗೆ ಗುಂಪಿಗೆ ಹಾಕಿಬಿಟ್ಟೆ.

ಎಂದಿನಂತೆ ನಗುವ ಮುಖಗಳು ಬರಲಿಲ್ಲ. ಕೈಮುಗಿದ ಚಿತ್ರಗಳು ಬಂದವು. ಒಂದರ ಹಿಂದೆ ಒಂದು, ಇಪ್ಪತ್ತಕ್ಕಿಂತ ಹೆಚ್ಚು. ಒಬ್ಬರು 'ಯಾವಾಗ ಆಯ್ತು?' ಎಂದು ಕೇಳಿದರು. ಇನ್ನೊಬ್ಬರು ಏನೋ ಹಾಕಿ ಕೂಡಲೇ ಅಳಿಸಿದರು. ಏನೆಂದು ವಿಚಾರಿಸೋಣವೆಂದರೆ ಮೀನಾ ಅಲ್ ಅಹ್ಮದಿಯ ಕಚೇರಿಯಲ್ಲಿ ಕೆಲಸ ಕಾದಿತ್ತು. ರಿಫೈನರಿಯ ನಕ್ಷೆಗಳಿಗೆ ರಿವಿಷನ್ ನಂಬರು ಹಾಕುವುದು, ಹಳತು ವಾಪಸು ತರಿಸಿ ಅದಕ್ಕೆ ರದ್ದು ಎಂಬ ಮೊಹರು ಒತ್ತುವುದು ನನ್ನ ಕೆಲಸ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಹಮೀದನ ಫೋನ್ ಬಂತು.

"ಪೊರ್ಬುಗಳೇ, ನಾನು ಸತ್ತಿದ್ದೇನಾ?"

ಪೊರ್ಬುಗಳು ಎನ್ನುವುದು ನಮ್ಮೂರಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ಮಾತು. ಸಿಟ್ಟು ಬಂದಾಗ ಮಾತ್ರ ಹಮೀದನಿಗೆ ನನ್ನ ಮೇಲೆ ಗೌರವ ಬರುತ್ತದೆ, ಉಳಿದ ದಿನ ನಾನು ಬರೀ ವಲ್ಲಿ.

"ಎಂತ ಮಾತು ಮಾರಾಯ ಅದು? ಒಳ್ಳೇದೇ ಬರ್ದದ್ದಲ್ವಾ?" ಎಂದೆ.

"ಒಳ್ಳೇದು ಬರಿ ಅಂತ ನಿನಗೆ ಯಾರು ಹೇಳಿದ್ದು? ಸ್ಥಾನ ತುಂಬುವವರಿಲ್ಲ ಅಂತೆ! ಮೇಲೆ ನನ್ನದೊಂದು ಫೋಟೋ ಹಾಕ್ಲಿಕ್ಕೆ ಬಾಕಿ. ಅಲ್ಲಿ ಜೊಹರಾ ಬೆಳಿಗ್ಗೆಯಿಂದ ಅಳ್ತಾ ಇದ್ದಾಳೆ."

ಜೊಹರಾ ಹಮೀದನ ಹೆಂಡತಿ, ಊರಿನಲ್ಲಿರುವವಳು. ನಾನು ಆಕೆಯನ್ನು ಎರಡೇ ಸಲ ನೋಡಿದ್ದು. ನನ್ನ ಮುನ್ನೋಟವನ್ನು ಹಮೀದ್ ಪ್ರತಿ ವರ್ಷ ಆಕೆಗೆ ಕಳಿಸುತ್ತಾನೆ ಎಂಬುದು ನನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ. ಆಕೆ ಅದನ್ನು ನಾದಿನಿಯರನ್ನೆಲ್ಲ ಕೂರಿಸಿ ಜೋರಾಗಿ ಓದಿ ಹೇಳಿ ನಗುತ್ತಾಳಂತೆ. ಈ ಸಲವೂ ಎಲ್ಲರನ್ನೂ ಕೂರಿಸಿ ಓದತೊಡಗಿದಳಂತೆ, 'ಸರಳ ಸಜ್ಜನ' ಎನ್ನುವಲ್ಲಿಗೆ ನಿಲ್ಲಿಸಿದಳಂತೆ.

"ನನಗೆ ಎಂತದೋ ದೊಡ್ಡ ಕಾಯಿಲೆ ಅಂತ ಅವಳ ಲೆಕ್ಕ" ಎಂದ ಹಮೀದ್. "ಇಕಾಮಾ ಮುಗಿದದ್ದಲ್ಲ, ಮೆಡಿಕಲ್‌ನಲ್ಲಿ ಎಂತದೋ ಸಿಕ್ಕಿದೆ, ಅದಕ್ಕೇ ಕಳಿಸ್ತಾ ಇದ್ದಾರೆ ಅಂತೆ. ನಿನಗೆ ಹೇಳಿದ್ದೇನಂತೆ, ಅವಳಿಗೆ ಮುಚ್ಚಿಟ್ಟಿದ್ದೇನಂತೆ."

"ಕಾಯಿಲೆ ಇಲ್ಲ ಅಂತ ಹೇಳು."

"ಹೇಳ್ಲಿಲ್ವಾ? ಕಾಯಿಲೆ ಇಲ್ಲದಿದ್ರೆ ಆ ಮನುಷ್ಯ ನಿಮ್ಮನ್ನು ಯಾಕೆ ಹೊಗಳ್ತಾರೆ ಅಂತ ಕೇಳ್ತಾಳೆ. ಅದಕ್ಕೆ ನಾನು ಎಂತ ಉತ್ತರ ಕೊಡ್ಲಿ?"

ಹಮೀದ್ ಇನ್ನೂ ಒಂದು ಸಂಗತಿ ಹೇಳಿದ. ಕೆಲವು ವರ್ಷಗಳ ಹಿಂದೆ ಅವನ ಮೊಣಕಾಲಿಗೆ ಆಪರೇಷನ್ ಆಗಿತ್ತು. ಊರಿನಲ್ಲಿ ಹೆದರುತ್ತಾರೆಂದು ಮನೆಗೆ ತಿಳಿಸಿರಲಿಲ್ಲ. ಆ ವರ್ಷ ಆಡದವನ ಬಗ್ಗೆ ಬರೆಯುವುದೇನೆಂದು ನಾನೂ ಅವನ ಹೆಸರನ್ನು ಬಿಟ್ಟಿದ್ದೆ. ಮುನ್ನೋಟದಲ್ಲಿ ಗಂಡನಿಗೆ ಬೈಗುಳವಿಲ್ಲದ್ದನ್ನು ನೋಡಿಯೇ ಜೊಹರಾಳಿಗೆ ಎಲ್ಲ ಗೊತ್ತಾದದ್ದು. ಅವಳು ಫೋನ್ ಮಾಡಿ ಕೇಳಿದ ಮೊದಲ ಮಾತೇ, "ಯಾವ ಆಸ್ಪತ್ರೆ?"

ನಾನು ಡಬ್ಬಿಯನ್ನು ಹಾಗೇ ಮುಚ್ಚಿದೆ. ಇಷ್ಟು ವರ್ಷ ನಾನು ಫುಟ್‌ಬಾಲಿನ ಬಗ್ಗೆ ಬರೆಯುತ್ತಿದ್ದೇನೆಂದು ತಿಳಿದಿದ್ದೆ. ಉಳ್ಳಾಲದಲ್ಲಿ ಒಬ್ಬ ಹೆಂಗಸು ಅದನ್ನು ಗಂಡನ ಆರೋಗ್ಯದ ಸರ್ಟಿಫಿಕೇಟಿನಂತೆ ಓದುತ್ತಿದ್ದಳು. ಅವನನ್ನು ಮನಸಾರೆ ಬೈಯುವವನೊಬ್ಬ ಅಲ್ಲಿ ಇದ್ದಾನೆಂದರೆ ಅವನು ಚೆನ್ನಾಗಿದ್ದಾನೆ, ಒಬ್ಬನೇ ಇಲ್ಲ ಎಂದು ಅವಳಿಗೆ ಧೈರ್ಯ.

"ಶುಕ್ರವಾರದೊಳಗೆ ಸರಿ ಮಾಡು, ವಲ್ಲಿ" ಎಂದ ಹಮೀದ್. ಸ್ವರ ಇಳಿದಿತ್ತು. "ಇಲ್ಲದಿದ್ರೆ ನಾನು ಆಡುದಿಲ್ಲ. ಅವಳು ಅಲ್ಲಿ ಅಳುವಾಗ ನಾನಿಲ್ಲಿ ಎಂತ ಗೋಲು ಕಾಯುದು?"

ಸಂಜೆ ಮನೆಗೆ ಬಂದು ಬೈಯಲು ಕುಳಿತೆ. ಬೈಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಹೋಗುತ್ತಿರುವವನ ತಪ್ಪುಗಳೂ ಪ್ರೀತಿಯಿಂದಲೇ ನೆನಪಾಗುತ್ತವೆ. ಒಂದು ಸಾಲು ಬರೆದೆ, ಅದು ಮೃದುವಾಯಿತೆಂದು ಅಳಿಸಿದೆ. ಇನ್ನೊಂದು ಬರೆದೆ, ಅದರಲ್ಲೂ 'ಪಾಪ' ಎಂಬ ಪದ ಹೇಗೋ ನುಸುಳಿತ್ತು. ಡ್ಯೂಟಿ ಮುಗಿಸಿ ಬಂದ ಜೆಸಿಂತಾಳಿಗೆ ನನ್ನ ಅವಸ್ಥೆ ಹೇಳಿದೆ. ಅವಳು ನೀರು ಕುಡಿದು, ಸಾವಧಾನವಾಗಿ, "ಕಳೆದ ತಿಂಗಳು ನಮ್ಮ ಮನೆಯಲ್ಲಿ ಹನ್ನೊಂದು ಬಂಗುಡೆ ಮೀನು ತಿಂದು, ಪುಳಿ ಜಾಸ್ತಿ ಆಗಿದೆ ಅಂದ್ರಲ್ಲ ನಿಮ್ಮ ದೋಸ್ತಿ, ಅದನ್ನು ನೆನಪು ಮಾಡಿಕೊಳ್ಳಿ" ಎಂದಳು. ಅವಳ ಕಣ್ಣಲ್ಲಿ ಆ ಸಿಟ್ಟು ಇನ್ನೂ ತಾಜಾ ಇತ್ತು. ಅದರಿಂದ ಸ್ವಲ್ಪ ಕಡ ತೆಗೆದುಕೊಂಡು ಬರೆದೆ:

'ಮುನ್ನೋಟ, ರಿವಿಷನ್ ಒಂದು. ಹಿಂದಿನದು ರದ್ದಾಗಿದೆ, ಯಾರೂ ಅದನ್ನು ಬಳಸಬಾರದು. ಅದರಲ್ಲಿ ಬಂದ ಸಜ್ಜನರು ಯಾರೆಂದು ನನಗೂ ಗೊತ್ತಿಲ್ಲ. ಬಂದರು ಕಾಲೇಜಿನ ಗೋಲ್‌ಕೀಪರ್ ಹಮೀದನ ಆರೋಗ್ಯ ಬಹಳ ಚೆನ್ನಾಗಿದೆ. ಹನ್ನೊಂದು ಬಂಗುಡೆ ತಿಂದು ಜೀರ್ಣಿಸಿಕೊಂಡದ್ದಕ್ಕೆ ಸಾಕ್ಷಿಗಳಿದ್ದಾರೆ. ಕಾಯಿಲೆ ಇರುವುದು ಅವನ ಆಟಕ್ಕೆ, ಅದು ಹುಟ್ಟಿನಿಂದ ಬಂದದ್ದು, ಮದ್ದಿಲ್ಲ. ಅವನು ಇನ್ನು ಉಳ್ಳಾಲಕ್ಕೆ ಹೋಗುತ್ತಾನೆ. ಅಲ್ಲಿಯ ಕೋಳಿಗಳು ಹೆದರಬೇಕಾಗಿಲ್ಲ, ಯಾವುದೂ ಅವನ ಕೈಗೆ ಸಿಗುವುದಿಲ್ಲ. ಶುಕ್ರವಾರ ಗುಡ್ಡೆ ಕಾಲೇಜು ಮೂರು, ಬಂದರು ಸೊನ್ನೆ. ಮೂರೂ ಗೋಲು ಆರನೇ ರಿಂಗ್ ರೋಡಿನ ಮೂಲಕ.'

ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. 'ಯಾವಾಗ ಆಯ್ತು' ಎಂದವರು 'ಆಗಲಿಲ್ವಾ?' ಎಂದು ಹಾಕಿದರು. ನಾನು ಕಾಯುತ್ತಿದ್ದದ್ದು ಅವುಗಳನ್ನಲ್ಲ. ಇವತ್ತು ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಕೂತಿದ್ದಾಗ ಹಮೀದ್ ಒಂದು ವಾಯ್ಸ್ ಮೆಸೇಜನ್ನು ನನಗೆ ಕಳಿಸಿದ. ಹೆಂಗಸಿನ ಸ್ವರ, ಹಿಂದೆ ನಾದಿನಿಯರ ನಗು.

"ವಲ್ಲಿಯಣ್ಣ, ಈಗ ನನಗೆ ಸಮಾಧಾನ ಆಯ್ತು. ಹನ್ನೊಂದು ಬಂಗುಡೆಯಾ? ಇಲ್ಲಿ ನನ್ನ ಹತ್ರ ಹೊಟ್ಟೆ ಸರಿ ಇಲ್ಲ, ಗಂಜಿ ಮಾತ್ರ ಅಂತ ಹೇಳ್ತಾರೆ. ಬರ್ಲಿ ಮನೆಗೆ. ನೀವು ಇಷ್ಟು ವರ್ಷ ಬೈದದ್ದು ಸಾಕು, ಉಳಿದದ್ದು ಇನ್ನು ನಾನು ಬೈತೇನೆ."

ಮೂರು ಸಲ ಕೇಳಿದೆ. ಪಕ್ಕದ ಸೀಟಿನ ಭಾಯಿ ಏನಾಯಿತೆಂದು ಕೇಳಿದ, ಏನಿಲ್ಲ, ಹದಿನೇಳು ವರ್ಷದ ಕೆಲಸವೊಂದರ ಚಾರ್ಜನ್ನು ಬೇರೆಯವರಿಗೆ ಕೊಟ್ಟೆ ಎಂದೆ.

ಈಗ ಗುರುವಾರ ಮಧ್ಯಾಹ್ನ. ನಾಳೆ ಬೆಳಿಗ್ಗೆ ನಾನು ಎಂದಿನಂತೆ ಬಂದರು ಕಾಲೇಜಿನ ಗೋಲುಕಂಬದ ಹಿಂದೆ ನಿಲ್ಲುತ್ತೇನೆ, ಹಮೀದನಿಗೆ ಕೇಳಿಸುವಷ್ಟು ಹತ್ತಿರ. ನಲವತ್ತು ನಿಮಿಷಕ್ಕೆ ಸಾಕಾಗುವಷ್ಟು ಬೈಗುಳ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಯಾರು ಗೆಲ್ಲುತ್ತಾರೆಂದು ಈ ಸಲ ನನಗೆ ಅಷ್ಟೇನೂ ಕುತೂಹಲವಿಲ್ಲ. ಚಿಂತೆ ಇರುವುದು ಮುಂದಿನ ಜನವರಿಯದು. ಹಮೀದನ ಜಾಗಕ್ಕೆ ಬಂದರಿನವರು ಆಗಲೇ ಒಬ್ಬ ಅಳಿಯನನ್ನು ಗೊತ್ತು ಮಾಡಿದ್ದಾರೆ. ಎತ್ತರದ ಆಳಂತೆ, ಚುರುಕಂತೆ, ಬಂದ ಚೆಂಡನ್ನೆಲ್ಲ ಹಿಡಿಯುತ್ತಾನಂತೆ. ಚೆಂಡು ಹಿಡಿಯುವವನ ಬಗ್ಗೆ ನಾನೇನು ಬರೆಯಲಿ?